ಅಮೆರಿಕದಲ್ಲಿ ಮೈಲುತುತ್ತ ಕೊಂಡದ್ದು

ಶಿಕಾರಿಪುರ

ನಾನು ಶಿಕಾರಿಪುರದ ದನದ ಆಸ್ಪತ್ರೆಯ ಡಾಕ್ಟರು. ಅಮೆರಿಕದಿಂದ ಬಂದ ಮೇಲೆ ಎದುರಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಲ್ಲಿಯ ಹಸು ಎಷ್ಟು ಹಾಲು ಕೊಡುತ್ತದೆ? ತುಂಬ ಕೊಡುತ್ತದೆ. ಆ ಮಾತು ಇಲ್ಲಿಗೆ ಮುಗಿಯಿತು. ಈ ಬರಹದಲ್ಲಿ ಇನ್ನೆಲ್ಲೂ ಹಾಲಿನ ಸುದ್ದಿ ಬರುವುದಿಲ್ಲ.

ನಾನು ಹೋದದ್ದು ಹಾಲಿಗಾಗಿ ಅಲ್ಲ, ಹುಳುವಿಗಾಗಿ. ನಮ್ಮ ಕಡೆ ಮಳೆ ನಿಂತು ಕೆರೆಯಂಚಿನ ಹುಲ್ಲು ಇನ್ನೂ ಹಸಿರಾಗಿರುವಾಗಲೇ ಕುರಿಗಳು ಸೊರಗತೊಡಗುತ್ತವೆ. ಗಲ್ಲದ ಕೆಳಗೆ ನೀರು ಇಳಿದು ಚೀಲ ಕಟ್ಟುತ್ತದೆ. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ರಕ್ತದ ಸುಳಿವೇ ಇರುವುದಿಲ್ಲ. ಸತ್ತ ಮೇಲೆ ಕೊಯ್ದು ನೋಡಿದರೆ ಈಲಿಯ, ಅಂದರೆ ಯಕೃತ್ತಿನ, ತುಂಬ ಎಲೆಯಂಥ ಚಪ್ಪಟೆ ಹುಳು. ಬಂದಳಿಕೆ ಕಡೆಯ ಬೀರಪ್ಪನೆಂಬ ಕುರಿಗಾರ ಒಂದು ಬೆಳಿಗ್ಗೆ ಸತ್ತ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಇಳಿಸಿದ.

“ಕೊಯ್ದು ತೋರಿಸೂದು ಬ್ಯಾಡ್ರೀ ಡಾಕ್ಟ್ರೇ. ಒಳಗ ಏನೈತಿ ಅಂತ ನನಗೂ ಗೊತ್ತೈತಿ. ಉಳಿದಾವಲ್ಲ, ಅವಕ್ಕ ಏನ್ ಮಾಡ್ಬೇಕು, ಅದನ್ನ ಹೇಳ್ರಿ.”

ನನ್ನ ಹತ್ತಿರ ಇದ್ದದ್ದು ಮದರಾಸಿನ ಕಾಲೇಜಿನಲ್ಲಿ ಕಲಿತ ಒಂದು ವಾಕ್ಯ. “ಜವುಗಿನಲ್ಲಿ ಮೇಯಿಸಬೇಡಪ್ಪ” ಎಂದೆ.

“ಒಣ ಭೂಮಿ ಎಲ್ಲಾ ಒಬ್ಬರಲ್ಲಾ ಒಬ್ಬರ ಪಹಣಿಯೊಳಗ ಐತಿ. ನಮಗ ಬಿಟ್ಟಿದ್ದು ಜವುಗೇ ಅಲ್ರೀ” ಎಂದು ಆತ ಕುರಿಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೋದ.

ಔಷಧಿ ಕೊಡೋಣವೆಂದರೆ ಆಸ್ಪತ್ರೆಗೆ ಬರುವ ಔಷಧಿ ದೊಡ್ಡ ಮನೆಗಳ ಎತ್ತುಗಳಿಗೇ ಮುಗಿದುಹೋಗುತ್ತಿತ್ತು. ಕುರಿಯ ಸರದಿ ಬರುವ ಹೊತ್ತಿಗೆ ಬಾಟಲಿ ಖಾಲಿ. ಹಾಗಾಗಿ ಅಮೆರಿಕದ ಕೃಷಿ ವಿಶ್ವವಿದ್ಯಾಲಯಗಳನ್ನು ನೋಡಿಬರಲು ಸರ್ಕಾರ ಕೆಲವರನ್ನು ಆರಿಸುತ್ತಿದೆ ಎಂದು ತಿಳಿದಾಗ, ಈ ಹುಳುವಿಗೆ ಬಡವನ ಕೈಲಾಗುವ ಮದ್ದೇನಾದರೂ ಅಲ್ಲಿದೆಯೋ ನೋಡಬೇಕು ಎಂದು ನಾನೂ ಬರೆದುಕೊಂಡೆ. ನನ್ನ ಅದೃಷ್ಟಕ್ಕೆ ಆಯ್ಕೆಯಾಯಿತು. ಪೇಟೆಯ ಬಟ್ಟೆ ವ್ಯಾಪಾರಿ ಗೌಸ್ ಸಾಹೇಬರು ಜರಿಯ ಪೇಟವೊಂದನ್ನು ತಂದು, “ಅಲ್ಲಿ ಬರೀ ತಲೇಲಿ ತಿರುಗಬೇಡಿ ಡಾಕ್ಟ್ರೇ, ನಮ್ಮೂರಿನ ಮರ್ಯಾದೆ ಪ್ರಶ್ನೆ” ಎಂದು ಪೆಟ್ಟಿಗೆಯಲ್ಲಿಟ್ಟರು.

ದೊಡ್ಡ ವಿಶ್ವವಿದ್ಯಾಲಯ

ನನ್ನನ್ನು ಕಳಿಸಿದ್ದು ಅಮೆರಿಕದ ದಕ್ಷಿಣದ ಒಂದು ರಾಜ್ಯಕ್ಕೆ. ಹತ್ತಿ, ಕಬ್ಬು, ಭತ್ತ ಬೆಳೆಯುವ ಸೀಮೆ. ವಿಮಾನದಿಂದಿಳಿದಾಗ ಮುಖಕ್ಕೆ ಬಡಿದ ಬಿಸಿ ಹಬೆ, ತಲೆಯ ಮೇಲೆ ಜೋತುಬಿದ್ದ ಮೋಡ, ಕಾಲುವೆಗಳ ಬದಿಯ ಕೆಸರು ವಾಸನೆ, ಎಲ್ಲವೂ ಆಷಾಢದ ಸೊರಬವೇ. ಈ ನೆಲದಲ್ಲಿ ನಮ್ಮ ಹುಳು ಇರಲೇಬೇಕು ಎಂದು ಸಂತೋಷವಾಯಿತು.

ವಿಶ್ವವಿದ್ಯಾಲಯದವರು ಒಳ್ಳೆಯ ಕೋಣೆ ಕೊಟ್ಟರು. ಮೊದಲ ದಿನವೇ ಹುರುಳಿಕಾಯಿ ಪಲ್ಯವೆಂದು ಬಡಿಸಿಕೊಂಡು ತಿನ್ನುತ್ತಿದ್ದಾಗ ಅದರಲ್ಲಿ ಹಂದಿಯ ಕೊಬ್ಬಿತ್ತು ಎಂದು ಪಕ್ಕದವರು ನಗುತ್ತ ಹೇಳಿದರು. ಬಾಯಲ್ಲಿದ್ದುದನ್ನು ನುಂಗುವುದೋ ಉಗುಳುವುದೋ ತಿಳಿಯದೆ ಒದ್ದಾಡಿ ಕೊನೆಗೆ ನುಂಗಿದೆ. ಮರುದಿನದಿಂದ ಬ್ರೆಡ್ಡು, ಬಾಳೆಹಣ್ಣು. ಇದು ಸಣ್ಣ ವಿಷಯ, ನಕ್ಕು ಮರೆಯಬಹುದು. ಮರೆಯಲಾಗದ್ದು ಬೇರೆ ಇದೆ.

ಅವರ ಹೋರಿಗಳಿಗೆ ಬೀಸಣಿಗೆ ಹಾಕಿದ ಕೋಣೆಗಳಿದ್ದವು. ಒಂದೊಂದು ಹೋರಿಗೂ ಅದರ ವಂಶಾವಳಿ ಗೋಡೆಯ ಮೇಲೆ ತೂಗುತ್ತಿತ್ತು. ಭತ್ತವನ್ನು ವಿಮಾನದಿಂದ ಬಿತ್ತುವುದನ್ನು ತೋರಿಸಿದರು. ಗದ್ದೆಯ ಒಂದು ಅಂಚಿನಿಂದ ಇನ್ನೊಂದು ಅಂಚು ಕಾಣುತ್ತಿರಲಿಲ್ಲ. ನಾನು ಎಲ್ಲಿ ಹೋದರೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಒಂದು ಹಸು, ನಾಲ್ಕು ಆಡು, ತುಂಡು ಜವುಗು ಭೂಮಿ ಇರುವವರು ನಿಮ್ಮಲ್ಲಿ ಇಲ್ಲವೇ? ಅವರಿಗಾಗಿ ಏನು ಸಂಶೋಧನೆ ಮಾಡಿದ್ದೀರಿ?

ಕೃಷಿ ವಿಭಾಗದ ಡೀನ್ ಎತ್ತರದ ಮನುಷ್ಯ, ಮಾತು ಬಹಳ ಮೃದು. ನನಗೆ ಕುರ್ಚಿ ಎಳೆದು ಕೂರಿಸಿ ಹೇಳಿದರು: “ಅಂಥವರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಬೇಸಾಯ ಬಿಡಿ ಎಂದು ಹೇಳುವುದು. ಪಟ್ಟಣಗಳಲ್ಲಿ ಕಾರ್ಖಾನೆಗಳಿವೆ.”

“ಬಿಡದೆ ಉಳಿದವರಿಗೆ?”

“ಅವರಲ್ಲಿ ಹೆಚ್ಚಿನವರು ನೀಗ್ರೋಗಳು. ಅವರಿಗೆ ಬೇರೆ ಕಾಲೇಜಿದೆ.”

ಬೇರೆ ಕಾಲೇಜು. ನಾನು ಬಂದು ಎಷ್ಟೋ ದಿನಗಳಾಗಿತ್ತು. ನಾನು ಹುಡುಕುತ್ತಿದ್ದುದರ ಹೆಸರು ಈ ಮನುಷ್ಯನಿಗೆ ಮೊದಲ ದಿನದಿಂದ ಗೊತ್ತಿತ್ತು. ಹೋರಿಗಳ ವಂಶಾವಳಿ ಓದಿಸಿದರೇ ಹೊರತು ಅದನ್ನು ಹೇಳಿರಲಿಲ್ಲ. ನಾನು ಅಲ್ಲಿಗೆ ಹೋಗಬೇಕು ಎಂದೆ. ನಿಮ್ಮ ಕಾರ್ಯಕ್ರಮದಲ್ಲಿ ಅದಿಲ್ಲ ಎಂದರು. ಹಾಗಾದರೆ ಕಾರ್ಯಕ್ರಮದಲ್ಲಿ ಸೇರಿಸಿ ಎಂದು ಕುರ್ಚಿ ಬಿಟ್ಟೇಳದೆ ಕುಳಿತೆ. ಶಿಕಾರಿಪುರದ ಕಚೇರಿಗಳಲ್ಲಿ ಕಲಿತ ವಿದ್ಯೆ ಅದು, ಅಲ್ಲೂ ಕೆಲಸ ಮಾಡಿತು. ಕೊನೆಗೆ ಡೀನ್, “ಕಾರು ಕೊಡಲಾಗುವುದಿಲ್ಲ, ಬಸ್ಸಿನಲ್ಲಿ ಹೋಗಿ” ಎಂದರು.

ಬಸ್ಸು

ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೆ. ಡ್ರೈವರು ತಿರುಗಿ ನೋಡಿದ. ಬೆರಳೆತ್ತಿ ಹಿಂದಕ್ಕೆ ತೋರಿಸಿದ. ನನಗೆ ಅರ್ಥವಾಗಲಿಲ್ಲ. ಟಿಕೆಟು ಕೇಳುತ್ತಿದ್ದಾನೆಂದು ತೆಗೆದು ತೋರಿಸಿದೆ. ಆತ ಎಂಜಿನ್ನು ನಿಲ್ಲಿಸಿ, ತೋಳು ಕಟ್ಟಿ ಕುಳಿತ. ಹಿಂದಿನಿಂದ ಒಬ್ಬ ಕರಿಯ ಮುದುಕ, “ಇಲ್ಲಿ ಬನ್ನಿ ಸ್ವಾಮಿ, ಇಲ್ಲಿ ಜಾಗವಿದೆ” ಎಂದು ಮೆಲ್ಲಗೆ ಕರೆದ. ಆಗ ತಿಳಿಯಿತು.

ನನ್ನ ಬಣ್ಣ ನನಗೆ ಹೊಸದಲ್ಲ. ನಮ್ಮಲ್ಲೂ ಹೆಣ್ಣು ನೋಡಲು ಹೋದಾಗ ಅದರ ಮಾತು ಬರುತ್ತದೆ. ಆದರೆ ಒಂದಿಡೀ ಬಸ್ಸು ನನ್ನ ಚರ್ಮಕ್ಕಾಗಿ ಕಾಯುತ್ತ ನಿಂತದ್ದು ಅದೇ ಮೊದಲು. ಎದ್ದು ಹಿಂದಕ್ಕೆ ಹೋದೆ. ಬಿಳಿಯರು ಮುಂದೆ, ಕರಿಯರು ಹಿಂದೆ ಎಂಬ ಇಂಥ ಬೇರ್ಪಡಿಕೆ ಕಾನೂನಿಗೇ ವಿರುದ್ಧವೆಂದು ಅಲ್ಲಿಯ ದೊಡ್ಡ ನ್ಯಾಯಾಲಯಗಳು ಹೇಳಿ ಆಗಿತ್ತಂತೆ. ಆ ಮಾತು ಡ್ರೈವರನ ಸೀಟಿನವರೆಗೆ ತಲುಪಿರಲಿಲ್ಲ. ಮುದುಕ ತನ್ನ ಬುತ್ತಿಯಿಂದ ಮೆಕ್ಕೆಜೋಳದ ರೊಟ್ಟಿಯಂಥದೊಂದು ತುಂಡು ಮುರಿದು ಕೊಟ್ಟ. ಬಾಯಿಗಿಟ್ಟುಕೊಂಡೆ. ಸಿಟ್ಟಿನಲ್ಲಿ ರುಚಿ ತಿಳಿಯಲಿಲ್ಲ. ಒಳ್ಳೆಯದೇ ಇದ್ದಿರಬೇಕು.

ಜವುಗು ನೆಲದ ಕಾಲೇಜು

ಕರಿಯರ ಕಾಲೇಜಿಗೆ ರಾಜ್ಯದವರು ಕೊಟ್ಟ ಭೂಮಿ ನದಿಯ ಹಿನ್ನೀರು ನಿಲ್ಲುವ ತಗ್ಗು. ಬೇರೆ ಯಾರಿಗೂ ಬೇಡವಾದದ್ದು. ಅಲ್ಲಿ ನನ್ನನ್ನು ಎದುರುಗೊಂಡವರು ಡಾಕ್ಟರ್ ಹೆನ್ರಿ. ನನ್ನಂತೆಯೇ ಪಶುವೈದ್ಯ, ನನಗಿಂತ ಹೆಚ್ಚು ಓದಿದವರು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದರು. ಅವರ ಪ್ರಯೋಗಶಾಲೆ ಒಂದು ಹಳೆಯ ಮರದ ಮನೆ. ಮಳೆ ಬಂದಾಗ ಸೂಕ್ಷ್ಮದರ್ಶಕವನ್ನು ಸೋರದ ಮೂಲೆಗೆ ಎತ್ತಿಡುತ್ತಿದ್ದರು.

ಗಾಜಿನ ಜಾಡಿಯೊಂದನ್ನು ನನ್ನ ಮುಂದಿಟ್ಟರು. ಅದರೊಳಗಿದ್ದದ್ದು ಬೀರಪ್ಪನ ಕುರಿಯ ಹುಳು. ಅಷ್ಟು ದೂರ ಹೋಗಿ ಒಂದು ಹುಳುವನ್ನು ಗುರುತಿಸಿ ಕಣ್ಣು ಒದ್ದೆಯಾಯಿತು ಎಂದರೆ ನೀವು ನಗಬಹುದು.

ಹೆನ್ರಿ ವರ್ಷಗಳಿಂದ ಈ ಹುಳುವಿನ ಬೆನ್ನು ಹತ್ತಿದ್ದರು. ಅದು ನೇರವಾಗಿ ದನದಿಂದ ದನಕ್ಕೆ ಹೋಗುವುದಿಲ್ಲ, ಜವುಗಿನ ಪುಟ್ಟ ಬಸವನಹುಳುವಿನ ಮೈಯಲ್ಲಿ ಬೆಳೆದು ಹುಲ್ಲಿಗೆ ಅಂಟಿಕೊಳ್ಳುತ್ತದೆ. ಇದು ನನಗೂ ಪುಸ್ತಕದಿಂದ ಗೊತ್ತಿತ್ತು. ಹೆನ್ರಿ ಕೇಳಿಕೊಂಡ ಪ್ರಶ್ನೆಯೇ ಬೇರೆ: ಜವುಗು ಬಿಟ್ಟು ಬೇರೆ ಭೂಮಿ ಇಲ್ಲದವನು ಏನು ಮಾಡಬೇಕು? ತಮ್ಮ ತಗ್ಗು ಭೂಮಿಯನ್ನು ಪಟ್ಟಿ ಪಟ್ಟಿಯಾಗಿ ಮಾಡಿ ಅವರು ಪರೀಕ್ಷೆ ನಡೆಸಿದ್ದರು. ಬಸವನಹುಳು ಎಲ್ಲ ಕಡೆ ಇರುವುದಿಲ್ಲ, ನಿಂತ ನೀರಿನ ಕೆಲವೇ ಹೊಂಡ, ಚರಂಡಿಗಳಲ್ಲಿ ಗುಂಪಾಗಿರುತ್ತದೆ. ಅಷ್ಟನ್ನು ಹುಡುಕಿ ಅಲ್ಲಿಗೆ ಮಾತ್ರ ಮೈಲುತುತ್ತ ಹಾಕಿದರೆ ಸಾಕು. ಕೆಲವು ದಿನ ದನ ಅತ್ತ ಹೋಗದಂತೆ ಮುಳ್ಳು ಬೇಲಿ. ಕುಡಿಯಲು ಬಾವಿಯಿಂದ ಸೇದಿ ಹಾಕಿದ ನೀರು. ಒಬ್ಬನೇ ಮಾಡಿದರೆ ಪ್ರಯೋಜನವಿಲ್ಲ, ಒಂದೇ ಚರಂಡಿಗೆ ಸೇರಿದ ಮನೆಗಳವರೆಲ್ಲ ಸೇರಿ ಮಾಡಬೇಕು.

“ಮೈಲುತುತ್ತ ನಮ್ಮಲ್ಲಿ ಪ್ರತಿ ತೋಟದವರ ಮನೆಯಲ್ಲಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುತ್ತಾರೆ” ಎಂದೆ. ಎಷ್ಟು ಸುಲಭ. ನಮ್ಮ ಅಟ್ಟದ ಮೇಲೇ ಇದ್ದ ನೀಲಿ ಹರಳು.

“ಇದನ್ನು ಆ ದೊಡ್ಡ ವಿಶ್ವವಿದ್ಯಾಲಯದವರಿಗೆ ಹೇಳಿದ್ದೀರಾ?”

“ಹೇಳಿದ್ದೇನೆ. ಹಿಂಬಾಗಿಲಿನಿಂದ ಒಳಗೆ ಹೋಗಿ ಹೇಳಿ, ಹಿಂಬಾಗಿಲಿನಿಂದ ಬಂದೆ” ಎಂದರು ಹೆನ್ರಿ. ಅದನ್ನು ಅವರು ಬೇಸರದಿಂದ ಹೇಳಲಿಲ್ಲ, ಹವೆಯ ಸುದ್ದಿ ಹೇಳುವಂತೆ ಹೇಳಿದರು. ನನಗೆ ಅವರ ಆ ಧ್ವನಿಯ ಮೇಲೂ ಸಿಟ್ಟು ಬಂತು.

ಕೋರಾಬಾಯಿಯ ಹಿತ್ತಲು

ಹೆನ್ರಿ ವಾರದಲ್ಲಿ ಹೆಚ್ಚು ದಿನ ಹಳ್ಳಿಗಳಲ್ಲೇ ಇರುತ್ತಿದ್ದರು. ಒಂದು ದಿನ ತಮ್ಮ ಹಳೆಯ ಟ್ರಕ್ಕಿನಲ್ಲಿ ನನ್ನನ್ನೂ ಕರೆದೊಯ್ದರು. ಒಂದು ಉದ್ದನೆಯ ಚರಂಡಿಯ ಇಕ್ಕೆಲಗಳಲ್ಲಿ ಸಣ್ಣ ಮರದ ಮನೆಗಳು. ಎಲ್ಲ ಕರಿಯ ರೈತರು. ನಾವು ಇಳಿದದ್ದು ಕೋರಾ ಎಂಬ ವಿಧವೆಯ ಮನೆಯಲ್ಲಿ. ಆಕೆಗೆ ನಮ್ಮ ದೊಡ್ಡಮ್ಮಂದಿರ ವಯಸ್ಸು, ಗಂಡಸಿನ ಬೂಟು ಹಾಕಿಕೊಂಡಿದ್ದರು. ಆಕೆಯ ಇಂಗ್ಲಿಷು ಪುಸ್ತಕದ ಇಂಗ್ಲಿಷಲ್ಲ, ಆದ್ದರಿಂದ ಆಕೆಯ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ.

ಹಿತ್ತಲಿಗೆ ಕಾಲಿಟ್ಟು ನಾನು ನಿಂತುಬಿಟ್ಟೆ. ಬೆಂಡೆಕಾಯಿ. ಅದರಾಚೆ ಅಲಸಂದೆ. ನಡುವೆ ಕುಂಬಳದ ಬಳ್ಳಿ. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಅನ್ನದೊಂದಿಗೆ ಬೆಂಡೆಕಾಯಿ ತಿಂದೆ. ಹಂದಿಯ ಕೊಬ್ಬು ಹಾಕಬೇಡಿ ಎಂದು ಹೆನ್ರಿ ಮೊದಲೇ ಹೇಳಿದ್ದರು. “ಕೊಬ್ಬಿಲ್ದೆ ಅದೆಂಥಾ ಅಡಿಗಿ” ಎಂದು ಆಕೆ ಬೈದುಕೊಂಡೇ ಮಾಡಿ ಬಡಿಸಿದರು.

ಊಟವಾದ ಮೇಲೆ ಹಟ್ಟಿಗೆ ಕರೆದೊಯ್ದರು. ಎರಡು ಹಸು, ಒಂದು ಕರು. ಗಲ್ಲದ ಕೆಳಗಿನ ಚೀಲ ದೂರದಿಂದಲೇ ಕಂಡಿತು. ಚರಂಡಿಯಲ್ಲಿ ಬಸವನಹುಳು ಎಲ್ಲೆಲ್ಲಿದೆಯೆಂದು ಹೆನ್ರಿ ಮೊದಲೇ ಗೂಟ ನೆಟ್ಟು ಗುರುತು ಮಾಡಿದ್ದರು. ನೆರೆಯವರೆಲ್ಲ ಬೇಲಿ ಕಟ್ಟಿ ಮುಗಿಸಿದ್ದರು. ಹಾಗಿದ್ದರೆ ಮೈಲುತುತ್ತ ಯಾಕೆ ಹಾಕಿಲ್ಲ ಎಂದು ಕೇಳಿದೆ.

ಹೆನ್ರಿ ಕೋರಾಬಾಯಿಯ ಕಡೆ ನೋಡಿದರು. ಕೋರಾಬಾಯಿಯೇ ಹೇಳಿದರು: “ಅಂಗಡಿಯವ ಕೊಡಂಗಿಲ್ಲ. ನಾನು ಓಟಿನ ಪಟ್ಟಿಯೊಳಗ ಹೆಸರು ಬರೆಸಾಕ ಹೋಗಿದ್ದೆ. ಅವತ್ತಿನಿಂದ ಈ ಚರಂಡಿಯವರಿಗೆ ಯಾರಿಗೂ ಬೀಜ ಇಲ್ಲ, ಗೊಬ್ಬರ ಇಲ್ಲ, ನೀಲಿ ಹರಳೂ ಇಲ್ಲ. ಇನ್ನೊಮ್ಮೆ ಹೋಗಂಗಿಲ್ಲ ಅಂದ್ರ ಕೊಡ್ತಾನಂತ.”

“ಹೆಸರು ಬರೆದುಕೊಂಡರೇ?”

“ಎಲ್ಲಿ ಬರ್ಕಂತಾರ. ಏನೇನೋ ಪ್ರಶ್ನೆ ಕೇಳಿ ನಪಾಸ್ ಅಂದ್ರು. ಹೋಗಿದ್ದೇ ತಪ್ಪಾತು.”

ಓದುಗರೇ, ನಮ್ಮಲ್ಲಿ ಇದುವರೆಗೆ ಎರಡು ಮಹಾಚುನಾವಣೆ ಆಗಿವೆ. ಬೀರಪ್ಪನಿಗೆ ರುಜು ಮಾಡಲು ಬರುವುದಿಲ್ಲ. ಹೆಬ್ಬೆಟ್ಟು ಒತ್ತುವವನು. ಎರಡು ಸಲವೂ ಕಂಬಳಿ ಹೊದ್ದು ಸಾಲಿನಲ್ಲಿ ನಿಂತು ಓಟು ಹಾಕಿ ಬಂದ. ಯಾರೂ ಅವನಿಗೆ ಪ್ರಶ್ನೆ ಕೇಳಲಿಲ್ಲ. ನಮಗೆ ಪ್ರಜಾಪ್ರಭುತ್ವ ಕಲಿಸುತ್ತೇವೆಂದು ಸಿನಿಮಾ ರೀಲುಗಳನ್ನು ಕಳಿಸುವ ದೇಶದಲ್ಲಿ, ಒಬ್ಬ ಮುದುಕಿ ಓಟಿನ ಹಕ್ಕು ಕೇಳಿದಳೆಂದು ಅವಳ ಹಸುವಿಗೆ ಹುಳು ಬಿಟ್ಟು ಕೊಲ್ಲುತ್ತಿದ್ದರು. ಅವಳ ಹಸುವನ್ನಷ್ಟೇ ಅಲ್ಲ, ಅವಳ ಜೊತೆ ಬೇಲಿ ಕಟ್ಟಿದವರೆಲ್ಲರ ಹಸುವನ್ನು.

“ನನಗೆ ಕೊಡುತ್ತಾನೆ” ಎಂದೆ.

ಹೆನ್ರಿ ತಲೆಯಾಡಿಸಿದರು. “ನೀವು ನಾಳೆ ಹೋಗುವವರು. ನಾವು ಇಲ್ಲಿ ಇರಬೇಕಾದವರು. ಯಾರಿಗಾಗಿ ಕೊಂಡಿರಿ ಎಂದು ತಿಳಿಯಲು ಅವರಿಗೆ ಅರ್ಧ ದಿನ ಸಾಕು.”

ಅದು ನ್ಯಾಯವಾದ ಮಾತು. ಕೋರಾಬಾಯಿ ಮಾತ್ರ ಕರುವಿನ ಗಲ್ಲದ ಕೆಳಗೆ ಕೈಯಿಟ್ಟು ಹೇಳಿದರು: “ಹೆನ್ರಿ, ಓಟಿನ ಪಟ್ಟಿಗೆ ಹೆಸರು ಬರೆಸಾಕ ಹೋದಾಕಿ ನಾನು. ಹಸು ನಂದು. ಅವರು ಮಾಡೂದೆಲ್ಲಾ ಮಾಡ್ಯಾಗೇತಿ. ತರ್ಲಿ ಬಿಡು.” ಆಮೇಲೆ ಆಕೆ ಹೋಗಿ ನೆರೆಯ ಮನೆಗಳವರನ್ನು ಕೇಳಿ ಬಂದರು. ಯಾರೂ ಬೇಡವೆನ್ನಲಿಲ್ಲ.

ಅಂಗಡಿ

ಮರುದಿನ ಗೌಸ್ ಸಾಹೇಬರ ಪೇಟವನ್ನು ಕಟ್ಟಿಕೊಂಡೆ. ಮುಚ್ಚುಕೊರಳಿನ ಕೋಟು ಹಾಕಿದೆ. ಹೆನ್ರಿಯ ಟ್ರಕ್ಕನ್ನು ಊರಾಚೆ ನಿಲ್ಲಿಸಿ, ಬಾಡಿಗೆ ಕಾರು ಮಾಡಿಕೊಂಡು ಅಂಗಡಿಯ ಮುಂದೆಯೇ ಇಳಿದೆ.

ಅಂಗಡಿಯವನು ಕೆಂಪು ಮುಖದ, ನಗುಮೊಗದ ಮನುಷ್ಯ. ಅವನ ಮುಖದಲ್ಲಿ ಕ್ರೌರ್ಯ ಹುಡುಕಿದೆ, ಸಿಗಲಿಲ್ಲ. ಪೇಟ ನೋಡಿದ್ದೇ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. ಕೆಲವು ದಿನದ ಹಿಂದೆ ಇದೇ ಚರ್ಮಕ್ಕೆ ಬಸ್ಸು ನಿಂತಿತ್ತು. ಇಂದು ಮೊಳವುದ್ದ ಜರಿ ಬಟ್ಟೆಗೆ ಕುರ್ಚಿ ಬಂತು.

“ನಿಮ್ಮ ದೇಶದಲ್ಲಿ ನೀವು ರಾಜರೇನು?” ಎಂದು ಕೇಳಿದ.

“ದನದ ಡಾಕ್ಟರು” ಎಂದೆ. ಅದನ್ನವನು ವಿನಯವೆಂದು ತಿಳಿದುಕೊಂಡ. ಹೆಂಡತಿಯನ್ನು ಕರೆದು ತೋರಿಸಿದ. ಆನೆಗಳ ಬಗ್ಗೆ ಕೇಳಿದ. ಆಕೆ ತಣ್ಣಗಿನ ಚಹಾ ತಂದುಕೊಟ್ಟರು. ಅಲ್ಲಿ ಚಹಾಕ್ಕೆ ಮಂಜುಗಡ್ಡೆ ಹಾಕಿ ಕುಡಿಯುತ್ತಾರೆ. ಕುಡಿಯಲಿಲ್ಲ. ನನಗೆ ಮೈಲುತುತ್ತ ಬೇಕು, ಪ್ರಯೋಗಕ್ಕೆ ಎಂದೆ. ಅದು ಸುಳ್ಳಾಗಿರಲಿಲ್ಲ. ಆತನೇ ಚೀಲಗಳನ್ನು ಹೊತ್ತು ಕಾರಿಗೆ ಹಾಕಿದ. ಹೊರಡುವಾಗ ಕೈ ಕುಲುಕಿ, “ನಮ್ಮ ಊರಿನವರು ಒಳ್ಳೆಯವರು ಎಂದು ನಿಮ್ಮಲ್ಲಿ ಹೇಳಿ” ಎಂದ. ಹೇಳುತ್ತಿದ್ದೇನೆ.

ಮಧ್ಯಾಹ್ನ ಚರಂಡಿಗಿಳಿದೆವು. ಕೋಟು, ಪೇಟ ಕೋರಾಬಾಯಿಯ ಬೇಲಿಯ ಮೇಲೆ. ಗಂಡಸರು ಹೆಂಗಸರು ಒಟ್ಟಾಗಿ ಹರಳುಗಳನ್ನು ಗೋಣಿತಾಟಿನಲ್ಲಿ ಕಟ್ಟಿ ಹೆನ್ರಿ ನೆಟ್ಟ ಗೂಟಗಳ ಹತ್ತಿರ ನೀರಿನಲ್ಲಿ ಎಳೆದಾಡಿದರು. ನೀರು ನೀಲಿಗಟ್ಟಿತು. ಯಾರೋ ಹಾಡು ಶುರುಮಾಡಿದರು, ದೇವರ ಹಾಡಿರಬೇಕು. ನಾನು ನಾಟಿಯ ಕಾಲದ ಗದ್ದೆಯೊಂದರಲ್ಲಿ ನಿಂತಿದ್ದೇನೆ ಎಂದೇ ಅನ್ನಿಸುತ್ತಿತ್ತು. ಸಂಜೆ ನೋಡಿದರೆ ಗೂಟದ ಸುತ್ತ ಬಸವನಹುಳುಗಳು ಚಿಪ್ಪು ಮೇಲಾಗಿ ತೇಲುತ್ತಿದ್ದವು. ಹೆನ್ರಿ ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮತ್ತೆ ಬಸ್ ನಿಲ್ದಾಣ

ಅರ್ಧ ದಿನವೂ ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಡೀನ್ ಟೆಲಿಫೋನು ಮಾಡಿದರು. ಧ್ವನಿ ಎಂದಿನಂತೆ ಮೃದು. ನನ್ನ ಕಾರ್ಯಕ್ರಮ ಬದಲಾಗಿದೆ, ಉತ್ತರದ ರಾಜ್ಯವೊಂದರಲ್ಲಿ ಬೆಣ್ಣೆ ಕಾರ್ಖಾನೆ ನೋಡಲು ಈ ದಿನವೇ ಹೊರಡಬೇಕು. “ಅತಿಥಿಗಳು ಮನೆಯ ಜಗಳದಲ್ಲಿ ಕೈಹಾಕಬಾರದು” ಎಂದರು.

“ನಾನು ಹಾಕಿದ್ದು ಚರಂಡಿಯಲ್ಲಿ” ಎಂದೆ. ಅವರು ಟೆಲಿಫೋನು ಇಟ್ಟರು.

ಹೆನ್ರಿ ನಿಲ್ದಾಣದವರೆಗೆ ಬಂದರು. ಅವರಿಗೂ ಅಪ್ಪಣೆ ಬಂದಿತ್ತು. ಇನ್ನು ಮೇಲೆ ಅವರು ಪಾಠ ಮಾತ್ರ ಹೇಳಬೇಕು, ಹಳ್ಳಿಗಳಿಗೆ ಹೋಗಕೂಡದು. ಟ್ರಕ್ಕನ್ನು ಕಿತ್ತುಕೊಂಡಿದ್ದರು. ಅವರು ನಡೆದು ಬಂದಿದ್ದರು. ಬೂಟು ಧೂಳಾಗಿತ್ತು.

“ನನ್ನ ಮೇಲೆ ಸಿಟ್ಟಿದೆಯೇ?” ಎಂದು ಕೇಳಿದೆ.

ಸ್ವಲ್ಪ ಯೋಚಿಸಿ ಹೇಳಿದರು: “ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಚರಂಡಿಗೆ ಹಾಕಿದ್ದನ್ನು ಅವರು ವಾಪಸ್ ತೆಗೆಯಲಾರರು.”

ಆಗ ಅವರ ಧ್ವನಿ ಹವೆಯ ಸುದ್ದಿಯ ಧ್ವನಿಯಾಗಿರಲಿಲ್ಲ. ನಾನು ಕೈಮುಗಿದೆ. ಅವರು ಕೈಚಾಚಿದ್ದರು. ಇಬ್ಬರೂ ಗಡಿಬಿಡಿಯಾಗಿ, ಕೊನೆಗೆ ಅವರು ಕೈಮುಗಿದರು, ನಾನು ಕೈಚಾಚಿದೆ. ಬಸ್ಸು ಬಂತು. ನಾನಾಗಿಯೇ ಹಿಂದಿನ ಸೀಟಿಗೆ ಹೋಗಿ ಕುಳಿತೆ. ಬೆಣ್ಣೆ ಕಾರ್ಖಾನೆಯ ವಿಷಯ ಬರೆಯುವುದಿಲ್ಲ.

ಸೊರಬದ ದಾರಿ

ಊರಿಗೆ ಬಂದಾಗ ಬೀರಪ್ಪ ಉಳಿದ ಕುರಿಗಳನ್ನು ಮಾರಿ ಅಂಬ್ಲಿಗೊಳದ ಕಡೆ ಗದ್ದೆ ಕೂಲಿಗೆ ಹೋಗಿಯಾಗಿತ್ತು. ಹುಡುಕಿಕೊಂಡು ಹೋಗಿ ಮೈಲುತುತ್ತದ ವಿಷಯ ಹೇಳಿದೆ. “ಒಂದು ವರ್ಷ ಮುಂಚೆ ಹೋಗ್ಬೇಕಿತ್ರೀ ನೀವು” ಎಂದು ಹೇಳಿ ಸಸಿಯ ಕಟ್ಟು ಎತ್ತಿಕೊಂಡ. ಆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದು.

ಅಲ್ಲಿಂದೀಚೆಗೆ ನಾನು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಜವುಗು ಹುಡುಕುತ್ತ ತಿರುಗುತ್ತಿದ್ದೇನೆ. ಜಡೆಯಿಂದ ಮುಂದೆ ಒಂದು ಸಣ್ಣ ಹಳ್ಳಿ, ಹೆಸರು ಬೇಡ. ಅಲ್ಲಿಯ ಪಟೇಲರ ಜಗಲಿಯ ಮೇಲೆ ನನ್ನ ಅಮೆರಿಕದ ಅನುಭವ ಹೇಳಬೇಕೆಂದು ಕರೆದಿದ್ದರು. ಜಗಲಿಯ ಮೇಲೆ ಊರಿನವರು, ಕೆಳಗೆ ಅಂಗಳದ ತುದಿಯಲ್ಲಿ ಹರಿಜನ ಕೇರಿಯವರು. ನಾನು ಬಸ್ಸಿನ ಕತೆ ಹೇಳಿದೆ, ಕೋರಾಬಾಯಿಯ ಕತೆ ಹೇಳಿದೆ. ಜಗಲಿಯವರೆಲ್ಲ ಅಯ್ಯೋ ಪಾಪ ಎಂದರು. ಪಟೇಲರು, “ಮನುಷ್ಯತ್ವ ಇಲ್ಲದ ಜನ ನೋಡಿ” ಎಂದು ಮರುಗಿದರು. ಆ ಮಾತನ್ನು ಅವರು ಮನಸಾರೆ ಹೇಳಿದರು. ಅದೇ ನನಗೆ ಸಹಿಸಲಾಗದ್ದು.

ಕೆಳಗಿನಿಂದ ಒಬ್ಬ ಹೆಂಗಸು ಕೇಳಿದಳು. ಹೆಸರು ಹನುಮಕ್ಕ ಎಂದು ಆಮೇಲೆ ತಿಳಿಯಿತು. “ಡಾಕ್ಟ್ರೇ, ಆ ಯಮ್ಮನ ದನ ಉಳಕಂಡ್ವನ್ರೀ?”

“ಗೊತ್ತಿಲ್ಲಮ್ಮ. ನಾನು ಅಲ್ಲಿಂದ ಬರಬೇಕಾಯಿತು.”

“ನಮ್ಮ ದನಕ್ಕೂ ಗಲ್ಲದ ಕೆಳಗೆ ಹಂಗೇ ಜೋತು ಬಿದ್ದದೆ. ಮೇಲಿನ ಕೆರೆಗೆ ನಮ್ಮ ದನ ಬಿಡಾದಿಲ್ಲ ಇವರು. ತೂಬಿನ ಕೆಳಗಿನ ಹೊಂಡದ್ದೇ ಕುಡೀಬೇಕು. ಅದನ್ನೊಂದು ಬಂದು ನೋಡ್ತೀರನು?”

ಅಯ್ಯೋ ಪಾಪ ಎಂದ ಬಾಯಿಗಳೆಲ್ಲ ಮುಚ್ಚಿಕೊಂಡವು. ಪಟೇಲರು ಎಲೆಯಡಿಕೆ ತಟ್ಟೆಯನ್ನು ನನ್ನ ಕಡೆ ಸರಿಸಿ, “ಅದೆಲ್ಲ ಇನ್ನೊಂದು ದಿನ ನೋಡಾಣ ಬಿಡಿ. ನಮ್ಮ ಕೊಟ್ಟಿಗೆ ಹತ್ರ ಔಷಧಿ ಕ್ಯಾಂಪ್ ಇಡಿ, ನೆಳ್ಳದೆ, ನೀರದೆ. ಊರಿನ ದನಕ್ಕೂ ಈ ಸಲ ಅದೇ ಕಾಯಿಲೆ” ಎಂದರು.

“ಕ್ಯಾಂಪ್ ಕೇರಿಯಲ್ಲಿ, ಹನುಮಕ್ಕನ ಮನೆಯ ಅಂಗಳದಲ್ಲಿ” ಎಂದೆ. “ಔಷಧಿ ಬೇಕಾದವರು ಅಲ್ಲಿಗೆ ಹೊಡೆದುಕೊಂಡು ಬನ್ನಿ. ಮೊದಲು ಬಂದವರಿಗೆ ಮೊದಲು.”

“ಡಾಕ್ಟ್ರೇ, ನೀವು ಸರ್ಕಾರದ ನೌಕರರು.”

“ಅದಕ್ಕೇ ಹೇಳುತ್ತಿದ್ದೇನೆ” ಎಂದು ತಟ್ಟೆಯಿಂದ ಒಂದು ಹೋಳೂ ತೆಗೆದುಕೊಳ್ಳದೆ ಜಗಲಿ ಇಳಿದೆ. ನನ್ನ ಮೇಲೆ ಅರ್ಜಿ ಹೋಗಿದೆ. ಮೇಲಿನವರು ಕರೆಸಿ, ಅಮೆರಿಕದಲ್ಲೂ ಇದೇ ಮಾಡಿ ಬಂದಿರಂತೆ ಎಂದು ಕೇಳಿದರು. ಹೌದು ಎಂದೆ. ವರ್ಗವಾಗಬಹುದು. ಮೇಲಿನ ಕೆರೆಗೆ ಕೇರಿಯ ದನ ಇಳಿಯುವುದು ಇವತ್ತಿಗೂ ಆಗಿಲ್ಲ, ಅದನ್ನೂ ಹೇಳಬೇಕು. ಆದರೆ ತೂಬಿನ ಕೆಳಗಿನ ಹೊಂಡಕ್ಕೆ ಮೈಲುತುತ್ತ ಬಿದ್ದಿದೆ, ಸುತ್ತ ಬೇಲಿಯಾಗಿದೆ. ಹೊಂಡದ ನೀರು ಕುಡಿಸುವಂತಿಲ್ಲವಾದ್ದರಿಂದ ದನಕ್ಕೆ ಬಾವಿ ತೋಡುವ ಕೆಲಸವನ್ನು ಕೇರಿಯವರೇ ಹಿಡಿದಿದ್ದಾರೆ.

ಕ್ಯಾಂಪಿನ ದಿನ ಮೊದಲು ಬಂದದ್ದು ಕೇರಿಯ ದನ. ಆಮೇಲೆ ಊರಿನ ಬಡವರು ಒಬ್ಬೊಬ್ಬರಾಗಿ, ಕೆರೆಯ ಏರಿಯ ಮೇಲೆ ನಿಂತು ಅತ್ತ ಇತ್ತ ನೋಡಿ, ಇಳಿದು ಬಂದರು. ಬಿಸಿಲೇರಿದ ಮೇಲೆ ಪಟೇಲರ ಆಳು ಅವರ ಜೋಡೆತ್ತನ್ನು ಹೊಡೆದು ತಂದ. ಅದರಲ್ಲಿ ಒಂದು ಬಲು ತುಂಟ, ಕೇರಿಯ ನಾಯಿಗಳನ್ನು ಕಂಡು ಹಗ್ಗ ಕಿತ್ತುಕೊಂಡು ಆಳನ್ನು ಕೆಡವಿತು. ಯಾರಿಗೂ ಹಿಡಿಯಲಾಗಲಿಲ್ಲ. ಕೊನೆಗೆ ಪಟೇಲರಿಗೆ ಹೇಳಿಕಳಿಸಬೇಕಾಯಿತು. ಆ ಎತ್ತು ಅವರ ಮಾತು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲವಂತೆ.

ಬಂದರು. ಮೂಗುದಾರ ಹಿಡಿದರು. ಅವರ ಮುಂದೆ ಇನ್ನೂ ಉದ್ದನೆಯ ಸಾಲಿತ್ತು. ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಬಡಕಲು ಆಕಳ ಬಾಯಿ ಬಿಡಿಸಿ ಔಷಧಿ ಹೊಯ್ಯುತ್ತಲೇ ಇದ್ದೆ. ಹನುಮಕ್ಕನ ಅಂಗಳದಲ್ಲಿ ನೆರಳಿಲ್ಲ. ಪಟೇಲರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು, ತುಟಿ ಸವರಿಕೊಂಡರು. ಬಾಗಿಲಲ್ಲಿ ನೀರಿನ ತಂಬಿಗೆ ಇತ್ತು. ಬಂದವರೆಲ್ಲ ಎತ್ತಿ ಕುಡಿಯುತ್ತಿದ್ದರು, ನಾನೂ ಆಗಾಗ ಎದ್ದು ಕುಡಿದು ಬರುತ್ತಿದ್ದೆ. ಹನುಮಕ್ಕ ಅವರನ್ನು ನೋಡಿದಳು, ತಂಬಿಗೆಯನ್ನು ನೋಡಿದಳು. ಬೇಕಾದರೆ ಅವರೇ ಕೇಳಲಿ ಎಂದು ನಾನು ಎತ್ತಿಕೊಡಲು ಹೋಗಲಿಲ್ಲ. ಅವರ ಸರದಿ ಬರುವವರೆಗೂ ಪಟೇಲರು ತಂಬಿಗೆಯನ್ನು ಮುಟ್ಟದೆ, ಮೂಗುದಾರ ಹಿಡಿದು ಬಿಸಿ ನೆಲದ ಮೇಲೆ ಕಾಲು ಬದಲಿಸುತ್ತ ನಿಂತೇ ಇದ್ದರು.